ಮರ್ಜ್ ಮತ್ತು ಟೆಸ್ಟ್ ಆಟೊಮೇಶನ್: ತಂಡ ಬೆಳೆಯುವಾಗ ಪದೇ ಪದೇ ಕೇಳುವ ಪ್ರಶ್ನೆಗಳು

ಐದಾರು ಜನರಿದ್ದಾಗ ಸಲೀಸಾಗಿ ನಡೆಯುತ್ತಿದ್ದ ಮರ್ಜ್ ಪದ್ಧತಿ ಇಪ್ಪತ್ತು-ಮೂವತ್ತು ಜನರಾದ ಮೇಲೆ ಏಕೆ ಕೈಕೊಡುತ್ತದೆ, ಆಗ ಯಾವುದನ್ನು ಯಾವ ಕ್ರಮದಲ್ಲಿ ಸರಿಪಡಿಸಬೇಕು ಎಂಬುದು ಈ ಪುಟದ ವಿಷಯ. ಉದಾಹರಣೆಗಳು ಹೆಚ್ಚಾಗಿ ಗಿಟ್‌ಹಬ್‌ನವು. ನನ್ನ ಕೋಡ್ ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆಯಾದ ಪುಲ್ ರಿಕ್ವೆಸ್ಟನ್ನು ಎಲ್ಲರೂ ಹೇಳುವಂತೆ ಪಿಆರ್ ಎಂದೇ ಬರೆದಿದೆ. ಮೇನ್ ಎಂದರೆ ಎಲ್ಲರ ಕೋಡ್ ಬಂದು ಸೇರುವ ಮುಖ್ಯ ಬ್ರಾಂಚ್, ಮರ್ಜ್ ಎಂದರೆ ಅದಕ್ಕೆ ಸೇರಿಸುವುದು, ಹಸಿರು ಎಂದರೆ ಟೆಸ್ಟ್‌ಗಳೆಲ್ಲ ಪಾಸಾಗಿವೆ ಎಂಬ ಗುರುತು.

## ನಮ್ಮಲ್ಲಿ ಪ್ರತಿ ಪಿಆರ್ ಕೂಡ ಹಸಿರಾದ ಮೇಲೆಯೇ ಮರ್ಜ್ ಆಗುತ್ತದೆ. ಆದರೂ ಮೇನ್ ಆಗಾಗ ಒಡೆಯುತ್ತದಲ್ಲ, ಏಕೆ?

ಪಿಆರ್ ಹಸಿರಾಗಿದೆ ಎಂದರೆ, ಟೆಸ್ಟ್ ಓಡಿದ ಹೊತ್ತಿನಲ್ಲಿದ್ದ ಮೇನ್ ಜೊತೆ ಅದು ಹೊಂದಿಕೊಂಡಿತ್ತು ಎಂದಷ್ಟೇ ಅರ್ಥ. ಆಮೇಲೆ ಮೇನ್ ಮುಂದೆ ಹೋಗಿರುತ್ತದೆ, ಹಸಿರು ಗುರುತು ಮಾತ್ರ ಹಾಗೇ ಉಳಿದಿರುತ್ತದೆ.

ಒಬ್ಬರು ರಿಯಾಯಿತಿ ಲೆಕ್ಕ ಹಾಕುವ ಫಂಕ್ಷನ್‌ಗೆ ಇನ್ನೊಂದು ಕಡ್ಡಾಯ ಪ್ಯಾರಾಮೀಟರ್ ಸೇರಿಸಿ, ಅದನ್ನು ಕರೆಯುವ ಜಾಗಗಳನ್ನೆಲ್ಲ ತಿದ್ದಿದ್ದಾರೆ ಎಂದುಕೊಳ್ಳಿ. ಅದೇ ದಿನ ಮತ್ತೊಬ್ಬರು ಬೇರೊಂದು ಫೈಲಿನಲ್ಲಿ ಆ ಫಂಕ್ಷನ್ನನ್ನು ಹಳೆಯ ರೀತಿಯಲ್ಲೇ ಕರೆಯುವ ಹೊಸ ಕೋಡ್ ಬರೆದಿದ್ದಾರೆ. ಎರಡೂ ಪಿಆರ್‌ಗಳು ಹಸಿರು. ಒಂದೇ ಸಾಲನ್ನು ಇಬ್ಬರೂ ಮುಟ್ಟಿಲ್ಲವಾದ್ದರಿಂದ ಗಿಟ್ ತಕರಾರು ಮಾಡುವುದಿಲ್ಲ. ಎರಡನೆಯದು ಮರ್ಜ್ ಆದ ಕ್ಷಣಕ್ಕೆ ಬಿಲ್ಡ್ ಬಿತ್ತು. ಗಿಟ್ ನೋಡುವುದು ಸಾಲುಗಳನ್ನು. ಕೋಡ್ ಏನು ಹೇಳುತ್ತದೆ ಎಂಬುದು ಅದಕ್ಕೆ ಗೊತ್ತಿಲ್ಲ.

ಗಿಟ್‌ಹಬ್ ಪಿಆರ್‌ನಲ್ಲಿ ಓಡುವ ಟೆಸ್ಟ್ ನಿಮ್ಮ ಬ್ರಾಂಚೊಂದರ ಮೇಲಲ್ಲ, ಬ್ರಾಂಚ್ ಮತ್ತು ಮೇನ್ ಸೇರಿಸಿದ ತಾತ್ಕಾಲಿಕ ಮರ್ಜ್ ಕಮಿಟ್ ಮೇಲೆ ಓಡುತ್ತದೆ. ಇದು ಒಳ್ಳೆಯದೇ. ಆದರೆ ಮೇನ್ ಬದಲಾಯಿತೆಂದು ಆ ಟೆಸ್ಟ್ ತಾನಾಗಿ ಮತ್ತೆ ಓಡುವುದಿಲ್ಲ. ತೊಂದರೆ ಇರುವುದು ಅಲ್ಲಿ.

## ಮರ್ಜ್‌ಗೆ ಮುಂಚೆ ಬ್ರಾಂಚ್ ಅಪ್‌ಡೇಟ್ ಆಗಿರಲೇಬೇಕು ಎಂಬ ಸೆಟ್ಟಿಂಗ್ ಹಾಕಿದರೆ ಸಾಲದೇ?

ಚಿಕ್ಕ ತಂಡಕ್ಕೆ ಸಾಕು, ಅದಕ್ಕಿಂತ ಸರಳ ಉಪಾಯವೂ ಇಲ್ಲ. ದೊಡ್ಡ ತಂಡದಲ್ಲಿ ಅದೇ ಸೆಟ್ಟಿಂಗ್ ಕುತ್ತಿಗೆಗೆ ಬರುತ್ತದೆ.

ಹತ್ತು ಪಿಆರ್‌ಗಳು ರಿವ್ಯೂ ಮುಗಿಸಿ ಕಾದಿವೆ ಎನ್ನಿ. ಒಂದು ಮರ್ಜ್ ಆದ ತಕ್ಷಣ ಉಳಿದ ಒಂಬತ್ತೂ ಹಳತಾದವು. ಒಂಬತ್ತನ್ನೂ ಅಪ್‌ಡೇಟ್ ಮಾಡಿ ಟೆಸ್ಟ್ ಓಡಿಸಿದರೆ, ಅದರಲ್ಲಿ ಒಂದು ಒಳಹೋಗಿ ಎಂಟು ಮತ್ತೆ ಹಳತಾಗುತ್ತವೆ. 10 + 9 + 8 ಎಂದು ಕೂಡುತ್ತ ಹೋದರೆ ಹತ್ತು ಪಿಆರ್‌ಗೆ 55 ಬಾರಿ ಪೈಪ್‌ಲೈನ್, ಅಂದರೆ ಬಿಲ್ಡ್ ಮತ್ತು ಟೆಸ್ಟ್‌ಗಳ ಇಡೀ ಸರಣಿ, ಓಡಿರುತ್ತದೆ. ರನ್ನರ್ (ಅದನ್ನು ಓಡಿಸುವ ಯಂತ್ರ) ಖರ್ಚು ಒತ್ತಟ್ಟಿಗಿರಲಿ, ಅಪ್‌ಡೇಟ್ ಬಟನ್ ಒತ್ತಿ ಕಾಯುವುದೇ ಎಲ್ಲರ ಕೆಲಸವಾಗುತ್ತದೆ. ಸಂಜೆ ಎಲ್ಲರೂ ಮನೆಗೆ ಹೋದ ಮೇಲೆ ಉಳಿದವರ ಪಿಆರ್ ಮಾತ್ರ ಮರ್ಜ್ ಆಗುವ ಸ್ಥಿತಿ ಬಂದಿದ್ದರೆ, ಆ ಸೆಟ್ಟಿಂಗ್‌ನ ಕಾಲ ಮುಗಿದಿದೆ.

## ಮರ್ಜ್ ಕ್ಯೂ ಇದನ್ನು ಹೇಗೆ ಬಗೆಹರಿಸುತ್ತದೆ?

ಮರ್ಜ್ ಬಟನ್ ಒತ್ತಿದಾಗ ಪಿಆರ್ ನೇರವಾಗಿ ಮೇನ್‌ಗೆ ಹೋಗದೆ ಸರದಿಯಲ್ಲಿ ನಿಲ್ಲುತ್ತದೆ. ಸರದಿ ನಡೆಸುವ ಬಾಟ್, ನಾಳಿನ ಮೇನ್ ಹೇಗಿರುತ್ತದೋ ಅದನ್ನು ಮೊದಲೇ ಕಟ್ಟಿ, ಅದರ ಮೇಲೆ ಟೆಸ್ಟ್ ಓಡಿಸುತ್ತದೆ. ಪಾಸಾದರೆ ಟೆಸ್ಟ್ ಆದ ಅದೇ ಕಮಿಟ್ ಮೇನ್ ಆಗುತ್ತದೆ. ಬಿದ್ದರೆ ಆ ಪಿಆರ್ ಹೊರಗೆ, ಮೇನ್‌ಗೆ ಏನೂ ಆಗಿಲ್ಲ.

ಒಂದಾದ ಮೇಲೊಂದು ಓಡಿಸಿದರೆ ನಿಧಾನ. 30 ನಿಮಿಷದ ಪೈಪ್‌ಲೈನ್‌ಗೆ ಎಂಟು ಗಂಟೆಯಲ್ಲಿ ಹದಿನಾರೇ ಮರ್ಜ್. ಹೀಗಾಗಿ ಕ್ಯೂಗಳು ಊಹೆಯ ಮೇಲೆ ಮುಂದೆ ಓಡುತ್ತವೆ. ಅ, ಆ, ಇ ಎಂಬ ಮೂರು ಪಿಆರ್ ಸರದಿಯಲ್ಲಿದ್ದರೆ ಮೇನ್+ಅ, ಮೇನ್+ಅ+ಆ, ಮೇನ್+ಅ+ಆ+ಇ ಈ ಮೂರನ್ನೂ ಏಕಕಾಲಕ್ಕೆ ಟೆಸ್ಟ್ ಮಾಡುತ್ತವೆ. ಮೂರೂ ಪಾಸಾದರೆ ಒಂದು ಪೈಪ್‌ಲೈನ್ ಸಮಯದಲ್ಲಿ ಮೂರು ಮರ್ಜ್. ನಡುವಿನ ‘ಆ’ ಬಿದ್ದರೆ ಅದನ್ನು ಹೊರಗಿಟ್ಟು ಮೇನ್+ಅ+ಇ ಎಂದು ಹೊಸದಾಗಿ ಕಟ್ಟಬೇಕು. ಅದರ ಹಿಂದೆ ನಿಂತಿದ್ದವರ ಕೆಲಸವೆಲ್ಲ ವ್ಯರ್ಥ. ಕ್ಯೂ ಚೆನ್ನಾಗಿ ಓಡುವುದು ಹೆಚ್ಚಿನ ಪಿಆರ್‌ಗಳು ಪಾಸಾಗುತ್ತವೆ ಎಂಬ ನಂಬಿಕೆಯ ಮೇಲೆ. ಈ ಮಾತು ಮುಂದೆ ಮತ್ತೆ ಮತ್ತೆ ಬರುತ್ತದೆ.

ವಿಚಾರ ಹೊಸದಲ್ಲ. ರಸ್ಟ್ ಭಾಷೆಗಾಗಿ ಗ್ರೇಡನ್ ಹೋರ್ ಬರೆದ ಬೋರ್ಸ್ ಎಂಬ ಬಾಟ್ ಇದನ್ನು ಜನಪ್ರಿಯ ಮಾಡಿತು. ಓಪನ್‌ಸ್ಟ್ಯಾಕ್‌ನವರು ಝೂಲ್ ಕಟ್ಟಿಕೊಂಡರು. ಗಿಟ್‌ಲ್ಯಾಬ್‌ನಲ್ಲಿ ಮರ್ಜ್ ಟ್ರೇನ್ ಎಂಬ ಹೆಸರಿನಲ್ಲಿ 2019ರಲ್ಲಿ ಬಂತು, ಗಿಟ್‌ಹಬ್‌ನ ಕ್ಯೂ ಎಲ್ಲರಿಗೂ ತೆರೆದದ್ದು 2023ರಲ್ಲಿ. ಆಯ್ಕೆಗೆ ಮುಂಚೆ ಯೋಜನೆ ನೋಡಿಕೊಳ್ಳಿ: ಗಿಟ್‌ಹಬ್‌ನಲ್ಲಿ ಸಂಸ್ಥೆಯ ಖಾತೆಯ ಸಾರ್ವಜನಿಕ ರೆಪೊಗಳಿಗೆ (ಕೋಡ್ ಭಂಡಾರಗಳಿಗೆ) ಸಿಗುತ್ತದೆ, ಖಾಸಗಿ ರೆಪೊಗೆ ಎಂಟರ್‌ಪ್ರೈಸ್ ಕ್ಲೌಡ್ ಬೇಕು. ಗಿಟ್‌ಲ್ಯಾಬ್‌ನಲ್ಲಿ ಪ್ರೀಮಿಯಂ ಇಲ್ಲವೇ ಅಲ್ಟಿಮೇಟ್ ಇರಬೇಕು.

## ಎಷ್ಟು ದೊಡ್ಡ ತಂಡಕ್ಕೆ ಇದು ಬೇಕು?

ತಲೆ ಎಣಿಸಬೇಡಿ. ದಿನದ ಮರ್ಜ್‌ಗಳನ್ನು ಎಣಿಸಿ, ಪೈಪ್‌ಲೈನ್ ಎಷ್ಟು ನಿಮಿಷ ಹಿಡಿಯುತ್ತದೆ ನೋಡಿ. ಎಂಟು ಗಂಟೆ ಎಂದರೆ 480 ನಿಮಿಷ. ದಿನಕ್ಕೆ ಆರು ಮರ್ಜ್ ಇದ್ದರೆ ಸರಾಸರಿ 80 ನಿಮಿಷಕ್ಕೊಂದು. 20 ನಿಮಿಷದ ಪೈಪ್‌ಲೈನ್‌ನಲ್ಲಿ ಒಂದರ ಮೇಲೊಂದು ಬೀಳುವುದು ಅಪರೂಪ. ನಲವತ್ತು ಮರ್ಜ್ ಇದ್ದರೆ 12 ನಿಮಿಷಕ್ಕೊಂದು, ಅಂದರೆ ಪ್ರತಿ ಪಿಆರ್ ಟೆಸ್ಟ್ ಆಗುತ್ತಿರುವಾಗಲೇ ಮೇನ್ ಒಂದೆರಡು ಸಲ ಬದಲಾಗಿರುತ್ತದೆ. ಎರಡು ಮರ್ಜ್‌ಗಳ ನಡುವಿನ ಅಂತರ ಪೈಪ್‌ಲೈನ್ ಸಮಯಕ್ಕಿಂತ ಕಡಿಮೆಯಾದಾಗ ಕ್ಯೂ ಬೇಕು. ದಿನಕ್ಕೆ ಹತ್ತರೊಳಗಿನ ತಂಡ ಕ್ಯೂ ಹಾಕಿಕೊಂಡರೆ ಹೆಚ್ಚಾಗಿ ಸಿಗುವುದು ಕಾಯುವ ಹೊಸ ಜಾಗವಷ್ಟೇ.

## ಏನೂ ಇಲ್ಲದ ತಂಡ ಎಲ್ಲಿಂದ ಶುರು ಮಾಡಬೇಕು?

ಎಲ್ಲ ಟೆಸ್ಟ್‌ಗಳೂ ಒಂದೇ ಕಮಾಂಡ್‌ಗೆ ಓಡುವಂತೆ ಮಾಡುವುದು ಮೊದಲ ಕೆಲಸ. ಹೊಸ ಲ್ಯಾಪ್‌ಟಾಪ್‌ನಲ್ಲಿ ರೆಪೊ ಇಳಿಸಿಕೊಂಡವರಿಗೂ ಅದೇ ಕಮಾಂಡ್, ಸಿಐಗೂ (ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ವ್ಯವಸ್ಥೆಗೂ) ಅದೇ. ಸಿಐ ಫೈಲಿನೊಳಗೆ ಮಾತ್ರ ಇರುವ ಗುಟ್ಟಿನ ಹಂತಗಳಿದ್ದರೆ, ಅಲ್ಲಿ ಬಿದ್ದ ಟೆಸ್ಟನ್ನು ಯಾರೂ ತಮ್ಮ ಮೇಜಿನಲ್ಲಿ ಬೀಳಿಸಿ ನೋಡಲಾರರು.

ಆಮೇಲೆ ಅದನ್ನು ಪ್ರತಿ ಪಿಆರ್‌ಗೂ ಓಡಿಸಿ. ನಂತರ ಮೇನ್‌ಗೆ ರಕ್ಷಣೆ: ನೇರ ಪುಷ್ ಬಂದ್, ಕಡ್ಡಾಯ ಚೆಕ್ ಪಾಸಾಗಬೇಕು, ಕನಿಷ್ಠ ಒಬ್ಬರ ಒಪ್ಪಿಗೆ ಬೇಕು, ಅಡ್ಮಿನ್‌ಗಳಿಗೂ ಇದೇ ನಿಯಮ. ನಾಲ್ಕನೆಯದಾಗಿ ಪೈಪ್‌ಲೈನನ್ನು 15 ನಿಮಿಷದೊಳಗೆ ತನ್ನಿ. ಐದನೆಯದು ಫ್ಲೇಕಿ ಟೆಸ್ಟ್‌ಗಳ, ಅಂದರೆ ಕೋಡ್ ಬದಲಾಗದಿದ್ದರೂ ಒಮ್ಮೆ ಪಾಸಾಗಿ ಒಮ್ಮೆ ಬೀಳುವ ಟೆಸ್ಟ್‌ಗಳ ಲೆಕ್ಕ. ಕ್ಯೂ ಆರನೆಯದು. ಬಹುತೇಕ ತಂಡಗಳು ಮೂರರಿಂದ ನೇರ ಆರಕ್ಕೆ ಹಾರುತ್ತವೆ, ಆಮೇಲೆ ಕ್ಯೂ ಸರಿಯಿಲ್ಲ ಎಂದು ಬೈಯುತ್ತವೆ.

## ಗಿಟ್‌ಹಬ್‌ನಲ್ಲಿ ಕ್ಯೂ ಆನ್ ಮಾಡಿದೆವು. ಪಿಆರ್ ಒಳಗೆ ಹೋಗಿ ಅಲ್ಲೇ ನಿಂತಿದೆ, ಪಾಸೂ ಇಲ್ಲ, ಫೇಲೂ ಇಲ್ಲ.

ಬಹುತೇಕ ಸಲ ಕಾರಣ ಒಂದೇ. ಕ್ಯೂನಲ್ಲಿ ಟೆಸ್ಟ್ ಓಡಲು ಗಿಟ್‌ಹಬ್ ಬೇರೆಯೇ ಈವೆಂಟ್ ಕಳಿಸುತ್ತದೆ. ಅದರ ಹೆಸರು ಮರ್ಜ್ ಗ್ರೂಪ್, ನಡುವೆ ಅಂಡರ್‌ಸ್ಕೋರ್. ವರ್ಕ್‌ಫ್ಲೋ ಫೈಲಿನಲ್ಲಿ ಪುಲ್ ರಿಕ್ವೆಸ್ಟ್ ಈವೆಂಟ್ ಮಾತ್ರ ಬರೆದಿದ್ದರೆ ಕ್ಯೂಗಾಗಿ ಏನೂ ಓಡುವುದಿಲ್ಲ. ಕಡ್ಡಾಯ ಚೆಕ್‌ನ ಉತ್ತರಕ್ಕಾಗಿ ಅದು ಸಮಯ ಮೀರುವವರೆಗೂ ಕಾದು ಪಿಆರ್ ಅನ್ನು ಹೊರಹಾಕುತ್ತದೆ. ಎರಡೂ ಈವೆಂಟ್‌ಗಳನ್ನು ಬರೆಯಿರಿ. ಹೊರಗಿನ ಸಿಐ ಬಳಸುವವರು gh-readonly-queue ಎಂಬ ಪೂರ್ವಪದದ ತಾತ್ಕಾಲಿಕ ಬ್ರಾಂಚ್‌ಗಳಿಗೂ ಬಿಲ್ಡ್ ಶುರುವಾಗುವಂತೆ ಮಾಡಬೇಕು.

ಇದೇ ಜಾತಿಯ ಎಡವುವ ಜಾಗಗಳು ಇನ್ನೆರಡಿವೆ. ಡಾಕ್ಯುಮೆಂಟ್ ಮಾತ್ರ ಬದಲಾದರೆ ಟೆಸ್ಟ್ ಬೇಡ ಎಂದು ಇಡೀ ವರ್ಕ್‌ಫ್ಲೋಗೆ ಪಾತ್ ಫಿಲ್ಟರ್ ಹಾಕಿದ್ದೀರಿ, ಅದೇ ವರ್ಕ್‌ಫ್ಲೋ ಕಡ್ಡಾಯ ಚೆಕ್ ಕೂಡ ಆಗಿದೆ. ಆಗ ಫಿಲ್ಟರ್‌ನಿಂದ ಬಿಟ್ಟುಹೋದ ಚೆಕ್ ಪೆಂಡಿಂಗ್ ಎಂದೇ ಉಳಿದು ಮರ್ಜ್ ತಡೆಯುತ್ತದೆ. ಫಿಲ್ಟರ್ ಬದಲು ಜಾಬ್ ಮಟ್ಟದಲ್ಲಿ ಇಫ್ ಷರತ್ತು ಹಾಕಿ. ಹಾಗೆ ಸ್ಕಿಪ್ ಆದ ಜಾಬ್ ಪಾಸ್ ಎಂದು ಲೆಕ್ಕಕ್ಕೆ ಬರುತ್ತದೆ.

ಆದರೆ ಆ ಅನುಕೂಲವೇ ಅಪಾಯಕಾರಿ. ಹತ್ತು ಜಾಬ್‌ಗಳ ಬದಲು ಕೊನೆಯಲ್ಲಿ ಎಲ್ಲವನ್ನೂ ಒಟ್ಟುಗೂಡಿಸುವ ಒಂದೇ ಜಾಬನ್ನು ಕಡ್ಡಾಯ ಮಾಡುವುದು ಒಳ್ಳೆಯ ರೂಢಿ. ಮ್ಯಾಟ್ರಿಕ್ಸ್ (ಯಾವ ಯಾವ ಆವೃತ್ತಿಗಳ ಮೇಲೆ ಟೆಸ್ಟ್ ಓಡಬೇಕು ಎಂಬ ಪಟ್ಟಿ) ಬದಲಾದಾಗಲೆಲ್ಲ ಸೆಟ್ಟಿಂಗ್ ಮುಟ್ಟಬೇಕಾಗಿಲ್ಲ. ಆದರೆ ಅದಕ್ಕೆ ಮುಂಚಿನ ಜಾಬ್ ಒಂದು ಬಿದ್ದರೆ ಈ ಕೊನೆಯ ಜಾಬ್ ಸ್ಕಿಪ್ ಆಗುತ್ತದೆ, ಸ್ಕಿಪ್ ಎಂದರೆ ಪಾಸ್, ಬಿದ್ದ ಟೆಸ್ಟ್ ಜೊತೆಗೇ ಪಿಆರ್ ಮೇನ್ ಸೇರುತ್ತದೆ! ಕೊನೆಯ ಜಾಬ್‌ಗೆ ಆಲ್ವೇಸ್ ಷರತ್ತು ಕೊಟ್ಟು, ಒಳಗೆ ಪ್ರತಿ ಜಾಬ್‌ನ ಫಲಿತಾಂಶ ನೋಡಿ, ಒಂದಾದರೂ ಬಿದ್ದಿದ್ದರೆ ಅಥವಾ ರದ್ದಾಗಿದ್ದರೆ ತಾನೂ ಬೀಳುವಂತೆ ಬರೆಯಿರಿ. ಬರೆದಾದ ಮೇಲೆ ಬೇಕೆಂದೇ ಬೀಳುವ ಟೆಸ್ಟ್ ಇರುವ ಪಿಆರ್ ಒಂದನ್ನು ಕಳಿಸಿ, ಬಾಗಿಲು ಮುಚ್ಚಿದೆಯೇ ಎಂದು ನೋಡಿಕೊಳ್ಳಿ.

## ಬ್ಯಾಚ್ ಗಾತ್ರ ಎಷ್ಟಿರಬೇಕು?

ಹಲವು ಪಿಆರ್‌ಗಳನ್ನು ಒಟ್ಟಿಗೆ ಕಟ್ಟಿ ಒಂದೇ ಸಲ ಟೆಸ್ಟ್ ಮಾಡಿದರೆ ರನ್ನರ್ ಸಮಯ ಉಳಿಯುತ್ತದೆ. ಆದರೆ ಸರದಿಗೆ ಬಂದ ಪ್ರತಿ ಪಿಆರ್ ಬೀಳುವ ಸಾಧ್ಯತೆ 5% ಎಂದರೆ, ನಾಲ್ಕರ ಬ್ಯಾಚ್ ಪಾಸಾಗುವುದು ಸುಮಾರು 81%, ಎಂಟರದು 66%. ಮೂರರಲ್ಲೊಂದು ಬ್ಯಾಚ್ ಬಿದ್ದು, ಅದನ್ನು ಅರ್ಧರ್ಧ ಮಾಡಿ ತಪ್ಪಿತಸ್ಥ ಪಿಆರ್ ಹುಡುಕಲು ಇನ್ನಷ್ಟು ಸುತ್ತು ಬೇಕು. ಬೀಳುವ ಪ್ರಮಾಣವನ್ನು 2%ಗೆ ಇಳಿಸಿದರೆ ಎಂಟರ ಬ್ಯಾಚ್ ಕೂಡ 85% ಪಾಸಾಗುತ್ತದೆ. ಮೂರು-ನಾಲ್ಕರಿಂದ ಶುರು ಮಾಡಿ. ದೊಡ್ಡ ಬ್ಯಾಚ್ ಆಸೆ ಇದ್ದರೆ ಗಾತ್ರ ತಿರುಗಿಸುವುದಕ್ಕೆ ಮುಂಚೆ ಪಾಸಾಗುವ ಪ್ರಮಾಣ ಏರಿಸಿ.

## ಫ್ಲೇಕಿ ಟೆಸ್ಟ್ ಒಂದೆರಡು ಇದ್ದರೆ ನಡೆಯುವುದಿಲ್ಲವೇ?

ಲೆಕ್ಕ ಹಾಕಿ ನೋಡಿ. ಸಾವಿರ ಟೆಸ್ಟ್‌ಗಳಿವೆ, ಪ್ರತಿಯೊಂದೂ ಸಾವಿರಕ್ಕೆ ಒಂದು ಸಲ ಮಾತ್ರ ಸುಮ್ಮನೆ ಬೀಳುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಇಡೀ ಸೂಟ್ ಒಂದೂ ಬೀಳದೆ ಮುಗಿಯುವ ಸಾಧ್ಯತೆ 37% ಮಾತ್ರ. ಮೂರರಲ್ಲಿ ಎರಡು ಓಟ ಕಾರಣವಿಲ್ಲದೆ ಕೆಂಪು. ಕ್ಯೂ ಇಲ್ಲದಿದ್ದಾಗ ಅದರ ಪೆಟ್ಟು ಒಬ್ಬರಿಗೆ, ಅವರು ಮತ್ತೊಮ್ಮೆ ಓಡಿಸುತ್ತಿದ್ದರು. ಕ್ಯೂನಲ್ಲಿ ಅದೇ ಬೀಳುವಿಕೆ ಹಿಂದಿರುವ ಎಲ್ಲರನ್ನೂ ಮತ್ತೆ ಶುರುವಿಗೆ ಎಳೆಯುತ್ತದೆ.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. ಗೂಗಲ್ 2016ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಟೆಸ್ಟ್ ಓಟಗಳ ಸುಮಾರು 1.5% ಫ್ಲೇಕಿ ಫಲಿತಾಂಶ ಕೊಡುತ್ತಿದ್ದವು, ಟೆಸ್ಟ್‌ಗಳ ಪೈಕಿ ಸುಮಾರು 16% ಒಂದಲ್ಲ ಒಂದು ಮಟ್ಟಕ್ಕೆ ಫ್ಲೇಕಿ ಆಗಿದ್ದವು.

ಕಾರಣಗಳ ಪಟ್ಟಿ ಚಿಕ್ಕದು. ಎರಡು ಸೆಕೆಂಡ್ ಸ್ಲೀಪ್ ಹಾಕಿ ಅಷ್ಟರಲ್ಲಿ ಕೆಲಸ ಮುಗಿದಿರುತ್ತದೆ ಎಂದು ನಂಬಿದ ಟೆಸ್ಟ್: ಸಿಐ ಯಂತ್ರಕ್ಕೆ ಭಾರ ಬಿದ್ದ ದಿನ ಅದು ಮುಗಿದಿರುವುದಿಲ್ಲ. ಸ್ಲೀಪ್ ತೆಗೆದು, ಷರತ್ತು ನಿಜವಾಗುವವರೆಗೆ ಪದೇ ಪದೇ ಕೇಳುವಂತೆ ಮಾಡಿ, ಗರಿಷ್ಠ ಮಿತಿಯನ್ನು ಧಾರಾಳವಾಗಿಡಿ. ಒಂದು ಟೆಸ್ಟ್ ಬಿಟ್ಟುಹೋದ ಡೇಟಾವನ್ನು ಇನ್ನೊಂದು ನೆಚ್ಚಿಕೊಂಡಿರುವುದು ಎರಡನೆಯದು. ಪೈಟೆಸ್ಟ್‌ನಲ್ಲಿ ರ‍್ಯಾಂಡಮ್ಲಿ ಪ್ಲಗಿನ್, ಗೋ ಭಾಷೆಯಲ್ಲಿ ಶಫಲ್ ಆಯ್ಕೆ ಹಾಕಿ ಕ್ರಮ ಕಲಸಿದರೆ ಬಯಲಿಗೆ ಬರುತ್ತದೆ. ಗಟ್ಟಿಯಾಗಿ ಬರೆದ ಪೋರ್ಟ್ ನಂಬರ್ ಇದ್ದರೆ ಸೊನ್ನೆ ಕೊಟ್ಟು ಖಾಲಿ ಪೋರ್ಟನ್ನು ಆಪರೇಟಿಂಗ್ ಸಿಸ್ಟಮ್ ಆರಿಸುವಂತೆ ಮಾಡಿ. ತಿಂಗಳ ಕೊನೆಯ ದಿನ ಇಲ್ಲವೇ ಮಧ್ಯರಾತ್ರಿ ಮಾತ್ರ ಬೀಳುವುದಾದರೆ ಗಡಿಯಾರವನ್ನು ಟೆಸ್ಟ್‌ನೊಳಗೆ ನಿಲ್ಲಿಸಿ, ಟೈಮ್‌ಝೋನ್ ಗೊತ್ತುಪಡಿಸಿ. ಹೊರಗಿನ ನಿಜವಾದ ಸರ್ವರ್‌ಗೆ ಕರೆ ಹೋಗುತ್ತಿದ್ದರೆ ಅದು ಮರ್ಜ್ ತಡೆಯುವ ಟೆಸ್ಟ್ ಆಗಿರಲೇಬಾರದು.

ಪತ್ತೆ ಮಾಡಲು ಒಂದೇ ಕಮಿಟ್ ಮೇಲೆ ರಾತ್ರಿಯೆಲ್ಲ ಸೂಟ್ ಓಡಿಸಿ. ಕೋಡ್ ಬದಲಾಗದೆ ಫಲಿತಾಂಶ ಬದಲಾಯಿತೆಂದರೆ ಅದು ಫ್ಲೇಕಿ. ನೂರಕ್ಕೊಮ್ಮೆ ಬೀಳುವ ಟೆಸ್ಟ್ 50 ಓಟದಲ್ಲಿ ಸಿಕ್ಕಿಬೀಳುವ ಸಾಧ್ಯತೆ 40% ಅಷ್ಟೇ. 95% ಖಾತ್ರಿ ಬೇಕಾದರೆ ಸುಮಾರು 300 ಓಟ ಬೇಕು. ಸಂಶಯ ಬಂದ ಟೆಸ್ಟನ್ನು ಹತ್ತು ಸಲ ಓಡಿಸಿ ಸರಿಯಿದೆ ಎನ್ನುವುದು ಏನನ್ನೂ ಹೇಳುವುದಿಲ್ಲ.

ಸಿಕ್ಕ ಟೆಸ್ಟನ್ನು ಪ್ರತ್ಯೇಕ ಗುಂಪಿಗೆ ಸರಿಸಿ. ಓಡಲಿ, ಆದರೆ ಮರ್ಜ್ ತಡೆಯದಿರಲಿ. ಅದಕ್ಕೊಬ್ಬ ವಾರಸುದಾರರ ಹೆಸರು, ಎರಡು ವಾರದ ಗಡುವು. ಗಡುವು ಮೀರಿದರೆ ಅಳಿಸಿಬಿಡಿ. ಕಠಿಣವೆನಿಸಬಹುದು, ಆದರೆ ಯಾರೂ ನಂಬದ ಟೆಸ್ಟ್ ಏನನ್ನೂ ಕಾಯುತ್ತಿರುವುದಿಲ್ಲ.

## ಬಿದ್ದ ಟೆಸ್ಟನ್ನು ತಾನಾಗಿ ಮತ್ತೆ ಓಡಿಸುವಂತೆ ಮಾಡಿದರೆ?

ಒಂದು ಸಲ, ಲೆಕ್ಕ ಇಟ್ಟುಕೊಂಡು, ಸರಿ. 2% ಬೀಳುವ ಟೆಸ್ಟ್ ಎರಡು ಸಲವೂ ಬೀಳುವುದು 0.04%. ಕ್ಯೂ ನಿರಾಳವಾಗುತ್ತದೆ. ಆದರೆ ಮರುಓಟದಲ್ಲಿ ಪಾಸಾದದ್ದನ್ನೆಲ್ಲ ಎಲ್ಲಾದರೂ ದಾಖಲಿಸಲೇಬೇಕು. ಟೆಸ್ಟ್‌ನ ತಪ್ಪಲ್ಲದೆ ಪ್ರಾಡಕ್ಟ್‌ನಲ್ಲೇ ರೇಸ್ ಕಂಡೀಶನ್ (ಎರಡು ಕೆಲಸಗಳಲ್ಲಿ ಯಾವುದು ಮೊದಲು ಮುಗಿಯಿತು ಎಂಬುದರ ಮೇಲೆ ಫಲಿತಾಂಶ ಬದಲಾಗುವ ದೋಷ) ಇದ್ದರೂ ಅದು ಹೊರಗೆ ಹೀಗೇ ಕಾಣುತ್ತದೆ. ಮೂರು ಸಲ ಮರುಓಟ ಇಟ್ಟ ತಂಡ ಅದನ್ನು ಬಳಕೆದಾರರಿಂದ ಕೇಳಿ ತಿಳಿಯುತ್ತದೆ.

## ನಮ್ಮ ಪೈಪ್‌ಲೈನ್ 40 ನಿಮಿಷ ಹಿಡಿಯುತ್ತದೆ. ಎಲ್ಲಿ ಕತ್ತರಿಸುವುದು?

ಹಂತವಾರು ಸಮಯ ಬರೆದುಕೊಳ್ಳಿ. ಹೆಚ್ಚಿನ ಕಡೆ ಡಿಪೆಂಡೆನ್ಸಿ (ಹೊರಗಿನ ಲೈಬ್ರರಿ) ಇಳಿಸುವುದು ಮತ್ತು ಇಮೇಜ್ ಕಟ್ಟುವುದೇ ಸಮಯ ತಿನ್ನುತ್ತಿರುತ್ತದೆ. ಅವುಗಳ ನಿಖರ ಆವೃತ್ತಿ ಬರೆದಿಟ್ಟ ಲಾಕ್ ಫೈಲ್‌ನ ಹ್ಯಾಶನ್ನು ಕೀಲಿಯಾಗಿಟ್ಟು ಕ್ಯಾಶ್ ಮಾಡಿ. ದಿನಾಂಕವನ್ನು ಕೀಲಿಯಾಗಿಟ್ಟರೆ ಪ್ರತಿ ಬೆಳಿಗ್ಗೆ ಕ್ಯಾಶ್ ಖಾಲಿ.

ನಂತರ ಟೆಸ್ಟ್‌ಗಳನ್ನು ಹಲವು ಯಂತ್ರಗಳಿಗೆ ಹಂಚಿ. ಜೆಸ್ಟ್‌ನಲ್ಲಿ ಶಾರ್ಡ್ (ಹಂಚಿದ ಒಂದು ಪಾಲು) ಆಯ್ಕೆ ಇದೆ, ಪೈಟೆಸ್ಟ್‌ಗೆ ಪೈಟೆಸ್ಟ್-ಸ್ಪ್ಲಿಟ್ ಪ್ಲಗಿನ್ ಇದೆ. ಆದರೆ ನಾಲ್ಕು ಯಂತ್ರ ಹಾಕಿದರೆ 40 ನಿಮಿಷ ಹತ್ತಾಗುವುದಿಲ್ಲ. ಅದರಲ್ಲಿ 4 ನಿಮಿಷ ತಯಾರಿ ಎಂದಾದರೆ ಅದು ಪ್ರತಿ ಯಂತ್ರಕ್ಕೂ ಬೇಕು: 36 ಭಾಗಿಸು 4, ಮೇಲೆ 4, ಒಟ್ಟು 13 ನಿಮಿಷ. ಎಂಟು ಯಂತ್ರ ಹಾಕಿದರೆ 8.5. ಯಂತ್ರಗಳು ದುಪ್ಪಟ್ಟು, ಉಳಿತಾಯ ನಾಲ್ಕೂವರೆ ನಿಮಿಷ. ಅಲ್ಲಿಂದ ಮುಂದೆ ತಯಾರಿಯ ಸಮಯ ಇಳಿಸುವುದೇ ಲಾಭ. ಹಂಚುವಾಗ ಫೈಲುಗಳ ಸಂಖ್ಯೆ ನೋಡಬೇಡಿ, ಹಿಂದಿನ ಓಟಗಳಲ್ಲಿ ಹಿಡಿದ ಸಮಯ ನೋಡಿ. ಎಲ್ಲಕ್ಕಿಂತ ನಿಧಾನವಾದ ಶಾರ್ಡ್ ಎಷ್ಟೋ, ಒಟ್ಟು ಸಮಯವೂ ಅಷ್ಟೇ.

ಎಲ್ಲವನ್ನೂ ಎಲ್ಲ ಕಡೆ ಓಡಿಸಬೇಕಿಲ್ಲ. ಪಿಆರ್‌ನಲ್ಲಿ ಲಿಂಟ್ (ಕೋಡ್ ಶೈಲಿಯ ತಪಾಸಣೆ), ಟೈಪ್ ಚೆಕ್, ಯುನಿಟ್ ಟೆಸ್ಟ್. ಕ್ಯೂನಲ್ಲಿ ಇವುಗಳ ಜೊತೆ ಇಂಟಿಗ್ರೇಶನ್ ಟೆಸ್ಟ್. ಬ್ರೌಸರ್ ಓಡಿಸುವ ಉದ್ದದ ಟೆಸ್ಟ್‌ಗಳಲ್ಲಿ ಲಾಗಿನ್, ಪಾವತಿಯಂಥ ಐದಾರು ಮುಖ್ಯ ದಾರಿಗಳು ಕ್ಯೂಗೆ, ಉಳಿದವು ರಾತ್ರಿಗೆ.

ಹೊಸ ಕಮಿಟ್ ಬಂದಾಗ ಪಿಆರ್‌ನ ಹಳೆಯ ಓಟ ತಾನಾಗಿ ರದ್ದಾಗುವಂತೆ ಕಾನ್‌ಕರೆನ್ಸಿ ಸೆಟ್ಟಿಂಗ್ ಹಾಕಿ, ಮೇನ್ ಮತ್ತು ಕ್ಯೂಗಳನ್ನು ಮಾತ್ರ ಅದರಿಂದ ಹೊರಗಿಡಿ. ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಜಾಬ್‌ನ ಪೂರ್ವನಿಯೋಜಿತ ಸಮಯಮಿತಿ 360 ನಿಮಿಷ. ನೇತುಬಿದ್ದ ಒಂದು ಟೆಸ್ಟ್ ಆರು ಗಂಟೆ ರನ್ನರ್ ಹಿಡಿದುಕೊಂಡಿರುತ್ತದೆ. ಸಾಮಾನ್ಯ ಸಮಯದ ಎರಡರಷ್ಟನ್ನು ಮಿತಿಯಾಗಿ ಬರೆಯಿರಿ.

## ಡೇಟಾಬೇಸ್ ಮೈಗ್ರೇಶನ್, ಲಾಕ್ ಫೈಲ್, ಚೇಂಜ್‌ಲಾಗ್ — ಈ ಮೂರೇ ಸದಾ ಜಗಳ.

ಮೂರಕ್ಕೂ ಮದ್ದು ಬೇರೆ ಬೇರೆ. ಇಬ್ಬರೂ 0042 ಸಂಖ್ಯೆಯ ಮೈಗ್ರೇಶನ್ (ಡೇಟಾಬೇಸ್ ರಚನೆ ಬದಲಿಸುವ ಫೈಲ್) ಬರೆದರೆ ಫೈಲ್ ಹೆಸರು ಬೇರೆಯಾದ್ದರಿಂದ ಗಿಟ್ ಸುಮ್ಮನಿರುತ್ತದೆ. ಜ್ಯಾಂಗೊದಲ್ಲಿ ಮೇಕ್‌ಮೈಗ್ರೇಶನ್ಸ್ ಕಮಾಂಡನ್ನು ಚೆಕ್ ಆಯ್ಕೆಯೊಂದಿಗೆ ಕ್ಯೂನಲ್ಲಿ ಓಡಿಸಿದರೆ ಮೈಗ್ರೇಶನ್ ಸರಪಳಿಗೆ ಎರಡು ಕೊನೆಗಳಿವೆ ಎಂದು ಅದು ಬೀಳುತ್ತದೆ, ಅಷ್ಟು ಸಾಕು. ಲಾಕ್ ಫೈಲನ್ನು ಕೈಯಿಂದ ಸರಿಮಾಡಲು ಹೋಗಬೇಡಿ. ಮೇನ್‌ನ ಪ್ರತಿ ತೆಗೆದುಕೊಂಡು ಪ್ಯಾಕೇಜ್ ಮ್ಯಾನೇಜರ್‌ನಿಂದ ಮತ್ತೆ ಬರೆಸಿ. ಚೇಂಜ್‌ಲಾಗ್‌ಗೆ ಪ್ರತಿ ಪಿಆರ್‌ಗೊಂದು ಚಿಕ್ಕ ಫೈಲ್ ಇಟ್ಟು ರಿಲೀಸ್ ವೇಳೆ ಜೋಡಿಸಿ. ಗಿಟ್ ಆಟ್ರಿಬ್ಯೂಟ್ಸ್‌ನಲ್ಲಿ ಯೂನಿಯನ್ ಮರ್ಜ್ ಎಂಬ ಸುಲಭದ ದಾರಿಯೂ ಇದೆ, ಎರಡೂ ಕಡೆಯ ಸಾಲುಗಳನ್ನು ಇಟ್ಟುಕೊಳ್ಳುತ್ತದೆ. ಚೇಂಜ್‌ಲಾಗ್‌ಗೆ ಮಾತ್ರ ಬಳಸಿ, ಕೋಡ್‌ಗೆ ಬೇಡವೇ ಬೇಡ.

## ಡಿಪೆಂಡೆನ್ಸಿ ಅಪ್‌ಡೇಟ್‌ಗಳನ್ನು ಬಾಟ್ ತಾನೇ ಮರ್ಜ್ ಮಾಡಬಹುದೇ?

ಪ್ಯಾಚ್ ಆವೃತ್ತಿಗಳನ್ನು, ಟೆಸ್ಟ್ ಗಟ್ಟಿಯಾಗಿದ್ದರೆ, ಕೆಲವು ದಿನ ಹಳತಾದ ಮೇಲೆ ಮಾಡಬಹುದು. ಮೇಜರ್ ಆವೃತ್ತಿಗೆ ಮನುಷ್ಯರ ಕಣ್ಣು ಬೇಕು.

ಇಲ್ಲಿ ಎಡವುವ ಜಾಗ: ವರ್ಕ್‌ಫ್ಲೋಗೆ ಗಿಟ್‌ಹಬ್ ಕೊಡುವ ಪೂರ್ವನಿಯೋಜಿತ ಟೋಕನ್‌ನಿಂದ ಮಾಡಿದ ಪುಷ್ ಹೊಸ ವರ್ಕ್‌ಫ್ಲೋ ಶುರು ಮಾಡುವುದಿಲ್ಲ. ಕೊನೆಯಿಲ್ಲದ ಸುತ್ತು ತಪ್ಪಿಸಲು ಹಾಗೆ ಇಟ್ಟಿದ್ದಾರೆ. ನಿಮ್ಮದೇ ಸ್ಕ್ರಿಪ್ಟ್ ಪಿಆರ್‌ಗೆ ಕಮಿಟ್ ಸೇರಿಸಿದರೆ ಚೆಕ್ ಓಡದೆ ನಿಲ್ಲುತ್ತದೆ; ಗಿಟ್‌ಹಬ್ ಆ್ಯಪ್‌ನ ಟೋಕನ್ ಬಳಸಿ.

ಹೊರಗಿನವರ ಆಕ್ಷನ್‌ಗಳನ್ನು ಟ್ಯಾಗ್ ಹೆಸರಿನಿಂದ ಕರೆಯಬೇಡಿ, ಪೂರ್ತಿ 40 ಅಕ್ಷರದ ಕಮಿಟ್ ಹ್ಯಾಶ್ ಬರೆಯಿರಿ. 2025ರ ಮಾರ್ಚ್‌ನಲ್ಲಿ ಟಿಜೆ-ಆಕ್ಷನ್ಸ್‌ನ ಚೇಂಜ್ಡ್-ಫೈಲ್ಸ್ ಎಂಬ, ಬಹಳ ಬಳಕೆಯಲ್ಲಿದ್ದ ಆಕ್ಷನ್‌ನ ಟ್ಯಾಗ್‌ಗಳನ್ನು ದಾಳಿಕೋರರು ಕೆಟ್ಟ ಕಮಿಟ್‌ಗೆ ತಿರುಗಿಸಿದಾಗ ಬಿಲ್ಡ್ ಲಾಗ್‌ಗಳಲ್ಲಿ ಗುಪ್ತ ಕೀಲಿಗಳು ಅಚ್ಚಾದವು. ಹ್ಯಾಶ್ ಬರೆದಿದ್ದವರಿಗೆ ಟ್ಯಾಗ್ ಎತ್ತ ತಿರುಗಿದರೂ ಹಳೆಯ ಕೋಡೇ ಓಡುತ್ತಿತ್ತು.

## ಕ್ಯೂ ಇದ್ದ ಮೇಲೆ ಸ್ಕ್ವಾಶ್ ಮಾಡಬೇಕೇ, ಮರ್ಜ್ ಕಮಿಟ್ ಇಡಬೇಕೇ?

ಸ್ಕ್ವಾಶ್, ಅಂದರೆ ಪಿಆರ್‌ನ ಕಮಿಟ್‌ಗಳನ್ನೆಲ್ಲ ಒಂದಾಗಿಸುವುದು. ಪ್ರತಿ ಪಿಆರ್‌ಗೆ ಮೇನ್‌ನಲ್ಲಿ ಒಂದೇ ಕಮಿಟ್ ಇದ್ದರೆ ಬೈಸೆಕ್ಟೂ (ತಪ್ಪು ತಂದ ಕಮಿಟ್ ಹುಡುಕುವುದು) ಸುಲಭ, ರಿವರ್ಟೂ (ಅದನ್ನು ಹಿಂತೆಗೆಯುವುದು) ಸುಲಭ.

## ಪ್ರೊಡಕ್ಷನ್ ಬಿದ್ದಿದೆ. ಕ್ಯೂನಲ್ಲಿ ಕಾಯಬೇಕೇ?

ಮೊದಲ ಹೆಜ್ಜೆ ಹಿಂದಿನ ಆವೃತ್ತಿಯನ್ನು ಮತ್ತೆ ಡಿಪ್ಲಾಯ್ ಮಾಡುವುದು, ಅದಕ್ಕೆ ಮರ್ಜ್ ಬೇಕಾಗಿಯೇ ಇಲ್ಲ. ಆಮೇಲೆ ತಪ್ಪು ಕಮಿಟ್ ರಿವರ್ಟ್ ಮಾಡಿ ಕ್ಯೂನ ಮುಂದಕ್ಕೆ ಹಾಕಿ. ಹಾಗೆ ಮುಂದೆ ಬಂದರೆ ಹಿಂದಿರುವವರ ಓಟಗಳೆಲ್ಲ ಮೊದಲಿನಿಂದ ಶುರುವಾಗುತ್ತವೆ. ಬೆಂಕಿ ಬಿದ್ದಾಗ ಅದು ಸಹ್ಯ, ಡೆಮೊಗಾಗಿ ಅಲ್ಲ. ಕ್ಯೂ ದಾಟಿ ನೇರ ಪುಷ್ ಮಾಡುವ ಅಧಿಕಾರ ಇಬ್ಬರು ಮೂವರಿಗಿರಲಿ, ಬಳಸಿದಾಗ ತಂಡದ ಚಾನೆಲ್‌ಗೆ ತಾನಾಗಿ ಸಂದೇಶ ಹೋಗಲಿ.

ಮರ್ಜ್ ಕಮಿಟ್ ಇಟ್ಟುಕೊಂಡ ತಂಡಗಳಿಗೆ ಒಂದು ಎಚ್ಚರಿಕೆ. ರಿವರ್ಟ್ ಮಾಡುವಾಗ ಎಂ ಆಯ್ಕೆಗೆ 1 ಕೊಟ್ಟು ಮೇನ್ ಕಡೆಯ ಪೋಷಕನನ್ನು ತೋರಿಸಬೇಕು. ಆಮೇಲೆ ತಿದ್ದಿದ ಬ್ರಾಂಚನ್ನು ಮತ್ತೆ ಮರ್ಜ್ ಮಾಡಿದರೆ ಹಳೆಯ ಬದಲಾವಣೆಗಳು ವಾಪಸ್ ಬರುವುದಿಲ್ಲ, ತಿದ್ದುಪಡಿ ಮಾತ್ರ ಬರುತ್ತದೆ. ಆ ಕಮಿಟ್‌ಗಳು ಆಗಲೇ ಒಳಗಿವೆ ಎಂದು ಗಿಟ್ ತಿಳಿದಿರುತ್ತದೆ. ಮೊದಲು ಆ ರಿವರ್ಟನ್ನೇ ರಿವರ್ಟ್ ಮಾಡಿ, ಆಮೇಲೆ ಬ್ರಾಂಚ್ ಸೇರಿಸಿ.

## ಇದೆಲ್ಲ ಕೆಲಸ ಮಾಡುತ್ತಿದೆಯೇ ಎಂದು ಯಾವ ಅಂಕಿಯಿಂದ ತಿಳಿಯುವುದು?

ಕ್ಯೂಗೆ ಸೇರಿದ ಕ್ಷಣದಿಂದ ಮೇನ್ ತಲುಪುವವರೆಗಿನ ಸಮಯ ಅಳೆಯಿರಿ. ಸರಾಸರಿ ಬೇಡ, ಮೀಡಿಯನ್ (ಸಾಲಾಗಿ ಜೋಡಿಸಿದಾಗ ನಡುವೆ ಬರುವ ಅಂಕಿ) ಮತ್ತು 95ನೇ ಪರ್ಸೆಂಟೈಲ್ (ನೂರಕ್ಕೆ 95 ಪಿಆರ್‌ಗಳು ಎಷ್ಟು ಸಮಯದೊಳಗೆ ಮುಗಿಯುತ್ತವೆ) ನೋಡಿ. ಜನ ಬೈಯುವುದು ಎರಡನೆಯದಕ್ಕೆ. ಹೊರಬಿದ್ದ ಪ್ರತಿ ಪಿಆರ್‌ಗೂ ಕಾರಣ ಬರೆಯಿರಿ: ನಿಜವಾದ ಸಂಘರ್ಷ, ಫ್ಲೇಕಿ, ಇಲ್ಲವೇ ಯಂತ್ರದ ತೊಂದರೆ. ಮೊದಲನೆಯದು ಹೆಚ್ಚಿದ್ದರೆ ಕ್ಯೂ ತನ್ನ ಕೆಲಸ ಮಾಡುತ್ತಿದೆ. ಉಳಿದೆರಡು ಹೆಚ್ಚಿದ್ದರೆ ಹೊಸ ಟೂಲ್ ಹುಡುಕುವ ಮುಂಚೆ ಅವನ್ನು ಸರಿಪಡಿಸಿ. ವಾರದಲ್ಲಿ ಮೇನ್ ಎಷ್ಟು ನಿಮಿಷ ಕೆಂಪಾಗಿತ್ತು ಎಂಬುದೂ ಇರಲಿ. ಕ್ಯೂ ಬಂದ ಮೇಲೂ ಅದು ಸೊನ್ನೆಯ ಹತ್ತಿರ ಬರದಿದ್ದರೆ ಯಾರೋ ಪಕ್ಕದ ಬಾಗಿಲಿನಿಂದ ಪುಷ್ ಮಾಡುತ್ತಿದ್ದಾರೆ, ಇಲ್ಲವೇ ಕಡ್ಡಾಯ ಚೆಕ್‌ಗಳ ಪಟ್ಟಿಯಲ್ಲಿ ಯಾವುದೋ ಒಂದು ಬಿಟ್ಟುಹೋಗಿದೆ.